ಭೀಮಾ-ಕೃಷ್ಣೆಯರ ನಡುನಾಡೂ ಸರಕಾರದ ಕೈಗಾರಿಕಾ ನೀತಿಯೂ

ಭೀಮೆಯೂ ಕೃಷ್ಣೆಯೂ ಸಂಗಮಿಸುವುದಕ್ಕೆ ಮುನ್ನ ತಮ್ಮ ನಡುವೆ ಇಂಬಿಟ್ಟುಕೊಂಡಿರುವ ಸೀಮೆಯೇ ಶಹಾಪುರ-ಸುರಪುರಗಳು. ಭೀಮೆಯ ಪೂರ್ವಕ್ಕೆ ಯಾದಗಿರಿ. ಎರೆಯ ಭೂಮಿ, ಅರಳೆಯ ಬೆಳೆ, ಶ್ರಮಸಹಿಷ್ಣುಗಳಾದ ಜನರು, ಇವುಗಳಿಗೆ ಇಲ್ಲಿ ಕೊರತೆಯಿರಲಿಲ್ಲ. ಹೀಗಿದ್ದೂ ಯಂತ್ರೋದ್ಯಮವು ಇಲ್ಲಿ ಬೇರೂರಲು ಇಷ್ಟು ತಡವಾದುದೇಕೆಂಬುದು ವಿಚಾರಾರ್ಹವಾದ ಸಂಗತಿ.

1858ರಲ್ಲಿ ರಾಜಾ ವೆಂಕಟಪ್ಪನಾಯಕನ ಬಂಡಾಯವು ಅಡಗಿದ ತರುವಾಯ, 1860ರಲ್ಲಿ ಸುರಪುರವು ನಿಜಾಮರ ಅಧೀನವಾಯಿತು. 1871ರಲ್ಲಿ ಮುಂಬಯಿಯ ಕಡೆಯ ಹೊಗೆಬಂಡಿಯ ಹಾದಿಯೂ ಮದರಾಸಿನ ಕಡೆಯದೂ ರಾಯಚೂರಿನಲ್ಲಿ ಕೂಡಿದುವು. ಯಾದಗಿರಿಯು ಆ ಹಾದಿಯ ಮೇಲಿನ ಊರಾಯಿತು. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗತಕ್ಕದ್ದು. ಇದನ್ನೇ ಶಾಸ್ತ್ರಜ್ಞರು ದೇಹಲೀದೀಪನ್ಯಾಯವೆನ್ನುವರು. ಈ ದೀಪವಾದರೋ ಹೊರಗನ್ನೇ ಹೆಚ್ಚಾಗಿ ಬೆಳಗಿತು. ಕಚ್ಚಾ ಮಾಲು ದೂರದ ಪೇಟೆಗೆ ಸಾಗುವುದಕ್ಕೆ ದಾರಿಯಾಯಿತೇ ಹೊರತು, ಅದನ್ನು ಇಲ್ಲಿಯೇ ನೂತು ನೇಯಿಸುವ ಕಾರಖಾನೆಗಳನ್ನು ನೆಲೆಗೊಳಿಸುವ ನೀತಿಯು ಅದರ ಬೆನ್ನಿಗೆ ಬರಲಿಲ್ಲ.

ಅದೇ ಕಾಲದ ಮುಂದಿನ ಭಾಗದಲ್ಲಿ ಕನ್ನಡಿಗರದೇ ಆದ ಮೈಸೂರು ಸೀಮೆಯಲ್ಲಿ ಸರಕಾರವು ತಾನೇ ಬಂಡವಾಳಗಾರನಾಗಿ ನಿಂತಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1913ರಲ್ಲಿ ಮೈಸೂರು ಬ್ಯಾಂಕು, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆ ಆರಂಭವಾದುವು. ಹೈದರಾಬಾದು ಸರಕಾರವೂ ಕೈಕಟ್ಟಿ ಕುಳಿತಿತೆಂದು ಹೇಳುವುದು ನ್ಯಾಯವಲ್ಲ. 1929ರಲ್ಲಿ ಅದು 1 ಕೋಟಿ ರೂಪಾಯಿಗಳ ಔದ್ಯೋಗಿಕ ನಿಧಿಯನ್ನು ಸ್ಥಾಪಿಸಿತು. ಆದರೆ ವರಂಗಲ್ಲಿಗೆ ಬಟ್ಟೆಯ ಗಿರಣಿಯೂ, ಬೋಧನಕ್ಕೆ ಸಕ್ಕರೆಯ ಕಾರಖಾನೆಯೂ, ನೆರೆಯ ಶಹಾಬಾದಿಗೆ ಸಿಮೆಂಟಿನದೂ ದೊರೆತುವು. ಭೀಮೆಯ ಈ ಎರಡು ದಡಗಳಿಗೆ ಅಂಥದೊಂದೂ ದೊರೆಯಲಿಲ್ಲ.

ಸ್ವತಂತ್ರ ಭಾರತವು 1948ರಲ್ಲಿಯೂ 1956ರಲ್ಲಿಯೂ ಕೈಗಾರಿಕಾ ನೀತಿಯ ನಿರ್ಣಯಗಳನ್ನು ಹೊರಡಿಸಿತು. ಎರಡನೆಯದರಲ್ಲಿ ಪ್ರದೇಶ-ಪ್ರದೇಶಗಳ ನಡುವಣ ವೈಷಮ್ಯವನ್ನು ತಗ್ಗಿಸುವ ಉದ್ದೇಶವೂ ಉಕ್ತವಾಗಿತ್ತು. ಅದೇ ವರ್ಷ ಈ ಸೀಮೆಯು ವಿಶಾಲ ಮೈಸೂರಿನಲ್ಲಿ ಸೇರಿತು. ಆದರೆ ವಿಮಾನ, ದೂರವಾಣಿ, ಯಂತ್ರೋಪಕರಣಗಳ ಸರಕಾರೀ ಕಾರಖಾನೆಗಳು ಅದಕ್ಕೆ ಮೊದಲೇ ಬೆಂಗಳೂರಿನಲ್ಲಿ ಬೇರುಬಿಟ್ಟಿದ್ದುವು. ಉದ್ಯಮವಿದ್ದೆಡೆಗೇ ಉದ್ಯಮವು ಹರಿಯಿತು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕಾಲುವೆಗಳಲ್ಲಿ ನೀರು ಬಂದಿತು, ಹೊಲಗಳಲ್ಲಿ ಭತ್ತವು ಬೆಳೆಯಿತು. ಆದರೂ 2002ರಲ್ಲಿ ನಂಜುಂಡಪ್ಪ ಸಮಿತಿಯು ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳ ಸಾಲಿನಲ್ಲಿ ಈ ಮೂರೂ ಇದ್ದುವು.

ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದ ಮೇಲೆ ಕಡೇಚೂರಿನಲ್ಲಿ 3,000 ಎಕರೆಗೂ ಮಿಕ್ಕ ಭೂಮಿಯು ಕೈಗಾರಿಕೆಗೆಂದು ವಶವಾಯಿತು. ರೈಲ್ವೆಯ ಬೋಗಿ ಕಾರಖಾನೆಯೂ ಅಲ್ಲಿ ಎದ್ದಿತು. ನೂರು ವರ್ಷಗಳಿಗೂ ಹೆಚ್ಚು ಕಾಲ ಇಲ್ಲಿಯ ಮಾಲನ್ನು ಹೊತ್ತೊಯ್ದ ಬಂಡಿಗೆ ಈಗ ಇಲ್ಲಿಯೇ ಅಂಗಾಂಗಗಳನ್ನು ಕಟ್ಟುವುದಾಯಿತು. ಆದರೆ ನೀತಿಯ ಸಾಫಲ್ಯವನ್ನು ಎಕರೆಗಳಿಂದ ಅಳೆಯಲಾಗದು. ಹೊಲವನ್ನು ಬಿಟ್ಟುಕೊಟ್ಟ ರೈತನ ಮಗನು ಕೂಲಿಗಾಗಿ ಬೆಂಗಳೂರು-ಮುಂಬಯಿಗಳ ಗಾಡಿಯನ್ನು ಹತ್ತದೆ, ವಿದ್ಯೆಯನ್ನು ಪಡೆದು ತನ್ನೂರಿನ ಯಂತ್ರದ ಮುಂದೆ ಕುಶಲಿಯಾಗಿ ನಿಲ್ಲಬೇಕು. ಅಂದು ಹೊಸ್ತಿಲ ದೀಪವು ಒಳಮನೆಯನ್ನೂ ಬೆಳಗಿತೆನ್ನಬಹುದು.