ತಲೆನೋವಿನ ವಿಂಗಡಣೆ: ಒಂದು ಐತಿಹಾಸಿಕ ಪರಿಶೀಲನೆ

ನರರೋಗ ಚಿಕಿತ್ಸೆಯ ಹೊರರೋಗಿ ವಿಭಾಗಕ್ಕೆ ಬರುವವರು ಹೇಳಿಕೊಳ್ಳುವ ಬಾಧೆಗಳಲ್ಲಿ ತಲೆನೋವು ಅತಿ ಸಾಮಾನ್ಯವಾದವುಗಳಲ್ಲೊಂದು. ಮೆದುಳಿನ ಗಡ್ಡೆ, ರಕ್ತಸ್ರಾವ ಮುಂತಾದವು ಇಲ್ಲವೆಂಬುದನ್ನು ಸ್ಕ್ಯಾನ್ ತೋರಿಸಿಕೊಡಬಲ್ಲದು. ಆದರೆ ಇರುವ ನೋವು ಯಾವ ಬಗೆಯದೆಂದು ಅದು ಹೇಳಲಾರದು. ಅದಕ್ಕೆ ವೈದ್ಯನಿಗಿರುವ ಮುಖ್ಯ ಆಧಾರ ರೋಗಿಯ ಮಾತೊಂದೇ. ಈ ಮಾತಿನಲ್ಲಿ ಯಾವುದನ್ನು ಮುಖ್ಯವೆಂದು ಎಣಿಸಬೇಕೆಂಬ ವಿಷಯದಲ್ಲಿ ಬೇರೆಬೇರೆ ಕಾಲದ ವೈದ್ಯರು ಬೇರೆಬೇರೆ ನಿಲುವನ್ನು ತಳೆದಿದ್ದಾರೆ. ಅದನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

ಸುಶ್ರುತಸಂಹಿತೆಯ ಉತ್ತರತಂತ್ರವು ಹನ್ನೊಂದು ಶಿರೋರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ಏಳು ದೋಷ, ರಕ್ತ, ಕ್ಷಯ, ಕ್ರಿಮಿ ಎಂಬ ಕಾರಣಗಳಿಂದ ಹೆಸರು ಪಡೆದವು. ಉಳಿದ ನಾಲ್ಕು ಸೂರ್ಯಾವರ್ತ, ಅನಂತವಾತ, ಅರ್ಧಾವಭೇದಕ, ಶಂಖಕ. ಚರಿತ್ರೆಯ ದೃಷ್ಟಿಯಿಂದ ಇವೇ ಹೆಚ್ಚು ಬೆಲೆಯುಳ್ಳವೆಂದು ನಮಗೆ ತೋರುತ್ತದೆ. ಏಕೆಂದರೆ ಇಲ್ಲಿ ಸಿದ್ಧಾಂತಕ್ಕಿಂತ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮೇಲುಗೈ ಪಡೆದಿದೆ. ಸೂರ್ಯಾವರ್ತವು ಹೊತ್ತು ಏರಿದಂತೆ ಏರಿ, ಇಳಿದಂತೆ ಇಳಿಯುವ ನೋವು. ಅರ್ಧಾವಭೇದಕದಲ್ಲಿ ತಲೆಯ ಒಂದು ಪಾರ್ಶ್ವ ಸೀಳಿದಂತೆ, ಚುಚ್ಚಿದಂತೆ ಆಗುವುದು, ತಲೆ ತಿರುಗುವುದು, ಅದು ಹದಿನೈದು ದಿನಕ್ಕೋ ಹತ್ತು ದಿನಕ್ಕೋ, ಇಲ್ಲವೆ ಅಕಸ್ಮಾತ್ತಾಗಿಯೋ ಬರುವುದು. ಶಂಖಕ ಪ್ರಾಣಾಂತಿಕವಾದುದು.

ಗ್ರೀಕ್ ವೈದ್ಯನಾದ ಕಪಡೋಕಿಯದ ಅರೆಟಿಯಸ್ ಕೂಡ ನೋವಿನ ಅವಧಿಯನ್ನು ಹಿಡಿದು ವಿಭಾಗಿಸಿದನು: ಬಂದುಹೋಗುವುದು ಒಂದು, ಬಹುಕಾಲ ನಿಲ್ಲುವುದು ಇನ್ನೊಂದು, ಅರ್ಧ ತಲೆಯದು ಮೂರನೆಯದು. ಈ ಮೂರನೆಯದನ್ನು ಕ್ರಿ. ಶ. 2ನೆಯ ಶತಮಾನದ ಗೇಲನ್ ‘ಹೆಮಿಕ್ರೇನಿಯ’ ಎಂದನು. ಆ ಮಾತೇ ಸವೆದು ಫ್ರೆಂಚ್ ಭಾಷೆಯಲ್ಲಿ ‘ಮೈಗ್ರೇನ್’ ಆಯಿತು. ನಮ್ಮ ‘ಅರೆತಲೆನೋವು’ ಎಂಬುದರ ಅರ್ಥವೂ ಅದೇ. ಇದನ್ನು ಕಂಡು ಯಾರು ಯಾರಿಂದ ಕಲಿತರೆಂದು ವಾದಿಸುವುದು ಅನಾವಶ್ಯಕ. ಅರ್ಧ ತಲೆ ಸಿಡಿಯುವವನು ಯಾವ ನಾಡಿನಲ್ಲಿದ್ದರೂ ಅರ್ಧ ತಲೆಯನ್ನೇ ಹಿಡಿದುಕೊಳ್ಳುತ್ತಾನೆ.

ಆದರೆ ಈ ಹೆಸರಿನಿಂದ ಒಂದು ತೊಡಕೂ ಉಂಟಾಯಿತು. ಮೈಗ್ರೇನ್ ಇರುವವರಲ್ಲಿ ಅನೇಕರಿಗೆ ನೋವು ಎರಡು ಪಾರ್ಶ್ವಗಳಲ್ಲಿಯೂ ಇರುತ್ತದೆ. ಹೆಸರನ್ನೇ ಲಕ್ಷಣವೆಂದು ನಂಬಿದರೆ ಅಂಥವರ ರೋಗ ಗುರುತು ಸಿಕ್ಕದೆ ಹೋಗುತ್ತದೆ; ಕನ್ನಡಕ ಬದಲಾಯಿಸುವುದರಲ್ಲಿಯೇ ವರ್ಷಗಳು ಕಳೆದುಹೋಗುತ್ತವೆ.

ಮುಂದಿನ ವೈದ್ಯರ ಗಮನ ಕಾರಣದ ಕಡೆಗೆ ತಿರುಗಿತು. 1672ರಲ್ಲಿ ಥಾಮಸ್ ವಿಲ್ಲಿಸ್ ತಲೆಯ ರಕ್ತನಾಳಗಳನ್ನು ಹೊಣೆ ಮಾಡಿದನು. 1873ರಲ್ಲಿ ಎಡ್ವರ್ಡ್ ಲಿವಿಂಗ್ ಇದು ನರಗಳಲ್ಲಿ ಏಳುವ ಬಿರುಗಾಳಿಯೆಂದು ವಾದಿಸಿದನು. 1938ರಲ್ಲಿ ಜಾನ್ ಗ್ರಹಾಂ ಮತ್ತು ಹೆರಾಲ್ಡ್ ವುಲ್ಫ್ ಅವರು, ಎರ್ಗೊಟಮೀನ್ ಕೊಟ್ಟಾಗ ಕಣತಲೆಯ ಧಮನಿಯ ಮಿಡಿತ ಕುಗ್ಗುವುದನ್ನೂ ಅದರೊಡನೆ ನೋವು ತಗ್ಗುವುದನ್ನೂ ಅಳೆದು ತೋರಿಸಿದ ಮೇಲೆ ರಕ್ತನಾಳದ ಪಕ್ಷವೇ ಗೆದ್ದಂತಾಯಿತು. 1962ರ ಅಮೆರಿಕನ್ ಸಮಿತಿಯ ವರ್ಗೀಕರಣದಲ್ಲಿ ಮೈಗ್ರೇನ್ ರಕ್ತನಾಳದ ತಲೆನೋವುಗಳ ಗುಂಪಿಗೆ ಸೇರಿತು. ಇನ್ನೊಂದು ಬಗೆಗೆ ಸ್ನಾಯು ಸಂಕೋಚದ ತಲೆನೋವೆಂದು ಹೆಸರಾಯಿತು. ಇನ್ನೂ ಸಿದ್ಧವಾಗದ ಕಾರಣವನ್ನು ಹೆಸರಿನಲ್ಲಿಯೇ ಸೇರಿಸಿದುದು ಅವಸರದ ಕೆಲಸವೆಂದೇ ಹೇಳಬೇಕು. ರಕ್ತನಾಳ ಹಿಗ್ಗದೆಯೂ ನೋವು ಬರಬಹುದೆಂದು ಅನಂತರದ ಸಂಶೋಧನೆಗಳು ತೋರಿಸಿವೆ.

1988ರಲ್ಲಿ ಅಂತರರಾಷ್ಟ್ರೀಯ ತಲೆನೋವು ಸಂಘವು ಯೆಸ್ ಓಲೆಸನ್ ಅವರ ನೇತೃತ್ವದಲ್ಲಿ ಹೊಸ ಕ್ರಮವನ್ನು ಹೊರತಂದಿತು. ಅದರಲ್ಲಿ ಸಾಮಾನ್ಯ ಮೈಗ್ರೇನಿಗೆ ಕನಿಷ್ಠ 5 ಸಲ ನೋವು ಬಂದಿರಬೇಕು. ಚಿಕಿತ್ಸೆಯಿಲ್ಲದಿದ್ದರೆ ಅದು 4ರಿಂದ 72 ಗಂಟೆ ನಿಲ್ಲಬೇಕು. ಒಂದೇ ಪಾರ್ಶ್ವ, ಮಿಡಿತ, ತೀವ್ರತೆ, ನಡೆದಾಡಿದರೆ ಉಲ್ಬಣ ಎಂಬ ನಾಲ್ಕರಲ್ಲಿ ಎರಡಿದ್ದರೆ ಸಾಕು. ಜತೆಗೆ ವಾಕರಿಕೆಯಾಗಲಿ, ಬೆಳಕು ಸದ್ದುಗಳೆರಡೂ ಸಹಿಸದಿರುವುದಾಗಲಿ ಇರಬೇಕು. ಹೀಗೆ ‘ಅರೆ’ ಎಂಬುದು ಅನಿವಾರ್ಯ ಲಕ್ಷಣವಾಗಿ ಉಳಿಯಲಿಲ್ಲ. ತಲೆಗೆ ಪಟ್ಟಿ ಬಿಗಿದಂತಿದ್ದು ವಾಂತಿಯಿಲ್ಲದ ನೋವು ಟೆನ್ಷನ್ ಮಾದರಿಯದು. ಒಂದು ಕಣ್ಣಿನ ಸುತ್ತ 15ರಿಂದ 180 ನಿಮಿಷ ಭೀಕರವಾಗಿ ಬಾಧಿಸಿ, ಆ ಕಣ್ಣಿನಲ್ಲಿಯೇ ನೀರು ಸುರಿಸುವುದು ಕ್ಲಸ್ಟರ್. 2018ರ ಮೂರನೆಯ ಆವೃತ್ತಿಯಲ್ಲಿಯೂ ಈ ಕ್ರಮವೇ ಮುಂದುವರಿದಿದೆ.

ಲಕ್ಷಣವು ಮಾತಿನ ಮೇಲೆ ನಿಂತುದರಿಂದ ಯಾವ ಯಂತ್ರವೂ ಇಲ್ಲದೆ ಮನೆಮನೆಗೆ ಹೋಗಿ ಕೇಳುವುದು ಸಾಧ್ಯವಾಯಿತು. ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ 2329 ಮಂದಿ ವಯಸ್ಕರನ್ನು ಹೀಗೆ ಪ್ರಶ್ನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದೊಳಗೆ ತಲೆನೋವು ಅನುಭವಿಸಿದವರು ಶೇಕಡಾ 63.9, ಮೈಗ್ರೇನಿನ ಪ್ರಮಾಣ ಶೇಕಡಾ 25.2. ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿಯೂ, ನಗರಕ್ಕಿಂತ ಹಳ್ಳಿಗಳಲ್ಲಿಯೂ ಹೆಚ್ಚಾಗಿ ಕಂಡುಬಂದಿತು.