ಓದಿ ಹೇಳಿದ ಬಿಡುಗಡೆ

ಕಾನೂನು ಬಂದ ದಿನವೇ ಹಕ್ಕು ಕೈಗೆ ಸಿಕ್ಕಿಬಿಡುತ್ತದೆಯೇ? ಅಮೆರಿಕದ ಕಪ್ಪು ಜನರ ‘ಜೂನ್‌ಟೀನ್ತ್’ ಹಬ್ಬದ ಇತಿಹಾಸ ಇಲ್ಲವೆನ್ನುತ್ತದೆ.

ದಂಗೆಯೆದ್ದ ದಕ್ಷಿಣದ ರಾಜ್ಯಗಳ ಗುಲಾಮರೆಲ್ಲ ಸ್ವತಂತ್ರರೆಂದು ಅಧ್ಯಕ್ಷ ಲಿಂಕನ್ 1863ರ ಜನವರಿ 1ರಂದು ಘೋಷಿಸಿದರು. ಆದರೆ ದೂರದ ಟೆಕ್ಸಾಸ್‌ನಲ್ಲಿ ಅದನ್ನು ಜಾರಿಗೆ ತರುವ ಸೈನ್ಯವಿರಲಿಲ್ಲ. ಮಾಲೀಕರಿಗೆ ಅದು ಬೇಕಾಗಿಯೂ ಇರಲಿಲ್ಲ. 1865ರ ಜೂನ್ 19ರಂದು ಜನರಲ್ ಗ್ರೇಂಜರ್ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಆಜ್ಞೆ ಹೊರಡಿಸಿದ ಮೇಲೆಯೇ ಅಲ್ಲಿನ ಸುಮಾರು 2.5 ಲಕ್ಷ ಗುಲಾಮರ ಬಿಡುಗಡೆಗೆ ದಾರಿಯಾಯಿತು.

ಮರುವರ್ಷದಿಂದ ಅವರು ಆ ದಿನ ಒಂದೆಡೆ ಸೇರತೊಡಗಿದರು. ಪ್ರಾರ್ಥನೆ, ಹಾಡು, ಕುಣಿತ, ಊಟ. ಜೊತೆಗೆ ಲಿಂಕನ್‌ರ ಘೋಷಣೆಯನ್ನು ಎಲ್ಲರಿಗೂ ಕೇಳುವಂತೆ ಓದುವುದು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತೆಂಬುದನ್ನು ನೆನೆದರೆ ಆ ಓದಿನ ಬೆಲೆ ತಿಳಿದೀತು. ಸೇರಲು ಜಾಗವೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಹ್ಯೂಸ್ಟನ್‌ನಲ್ಲಿ ಪಾದ್ರಿ ಜ್ಯಾಕ್ ಯೇಟ್ಸ್ ಮತ್ತಿತರರು ಚಂದಾ ಕೂಡಿಸಿ 1872ರಲ್ಲಿ 10 ಎಕರೆ ನೆಲ ಕೊಂಡರು. ಅದೇ ಎಮ್ಯಾನ್ಸಿಪೇಶನ್ ಪಾರ್ಕ್.

ಅಮೆರಿಕದ ಗುಲಾಮರಲ್ಲಿ ಮುಸ್ಲಿಮರೂ ಇದ್ದರು. ಪಶ್ಚಿಮ ಆಫ್ರಿಕದ ವಿದ್ವಾಂಸ ಉಮರ್ ಇಬ್ನ್ ಸಯೀದ್ 1831ರಲ್ಲಿ ತಮ್ಮ ಬದುಕನ್ನು ಅರಬಿಯಲ್ಲಿ ಬರೆದಿಟ್ಟರು. ಬಿಡುಗಡೆ ಕಾಣದೆಯೇ ತೀರಿಕೊಂಡರು. ಅವರನ್ನು ಹಡಗಿನಿಂದ ಇಳಿಸಿದ ಚಾರ್ಲ್ಸ್‌ಟನ್ ನಗರದಲ್ಲೇ 2022ರಲ್ಲಿ ಅವರ ಕಥೆ ಸಂಗೀತ ನಾಟಕವಾಗಿ ರಂಗಕ್ಕೆ ಬಂತು. ಅದರ ಹಿಂದಿನ ವರ್ಷವಷ್ಟೇ ಜೂನ್‌ಟೀನ್ತ್ ರಾಷ್ಟ್ರೀಯ ರಜಾದಿನವಾಗಿತ್ತು.

ನಮ್ಮ ಬೀದಿಗಳಲ್ಲೂ ತಮಗೆ ಸಲ್ಲಬೇಕಾದ ಸೌಲಭ್ಯದ ಕಾಗದವನ್ನು ಓದಲಾರದ ಹಿರಿಯರಿದ್ದಾರೆ. ನೀವು ಕಲಿತ ಅಕ್ಷರ ಮೊದಲು ಅವರಿಗೆ ಓದಿ ಹೇಳಲಿ.