ಪೋರ್ಚುಗೀಸಿನ ಮೊದಲ ಪಾಠದಲ್ಲಿ ಕೃಷ್ಣದೇವರಾಯ

(ಬಾನುಲಿ ಭಾಷಣ)

ಹೊಸ ಭಾಷೆಯನ್ನು ಕಲಿಸುವ ಬಾಲಬೋಧೆಗಳೆಲ್ಲವೂ ಬಹುಮಟ್ಟಿಗೆ ಒಂದೇ ದಾರಿಯನ್ನು ಹಿಡಿಯುತ್ತವೆ. ಮೊದಲು ವಸ್ತುಗಳ ಹೆಸರು. ಅನಂತರ ಆ ವಸ್ತು ಎಂಥದು, ಆ ಮನುಷ್ಯ ಎಂಥವನು ಎಂಬ ವರ್ಣನೆ. ಮನೆ ದೊಡ್ಡದು, ಹುಡುಗಿ ಚೆಲುವೆ, ಅಜ್ಜ ತೆಳ್ಳಗಿದ್ದಾನೆ, ನೀರು ತಣ್ಣಗಿದೆ. ಪೋರ್ಚುಗೀಸಿನ ಬಾಲಬೋಧೆಯೂ ಇದಕ್ಕೆ ಹೊರತಲ್ಲ. ಇಷ್ಟು ಸರಳವಾದ ಪಾಠದಲ್ಲಿ ಚರಿತ್ರೆಯ ಅಭ್ಯಾಸಿಗೆ ಏನು ಕೆಲಸವೆಂದು ತಾವು ಕೇಳಬಹುದು. ವಿಜಯನಗರದ ಕೃಷ್ಣದೇವರಾಯನು ನೋಡಲು ಹೇಗಿದ್ದನೆಂಬುದಕ್ಕೆ ನಮಗೆ ದೊರೆತಿರುವ ಅತ್ಯಂತ ಸ್ಪಷ್ಟವಾದ ಶಬ್ದಚಿತ್ರ ಈ ಮೊದಲ ಪಾಠದ ವ್ಯಾಕರಣದಲ್ಲಿಯೇ ಮೂಡಿದೆ. ಆ ಭಾಷೆಯ ಪ್ರಾರಂಭದ ಪಾಠಗಳನ್ನು ನಾನು ಕೈಗೆತ್ತಿಕೊಂಡದ್ದು ಆ ಒಂದು ಚಿತ್ರದ ಸಲುವಾಗಿ.

ಪೋರ್ಚುಗೀಸರು ನಮ್ಮ ನುಡಿಗೆ ಅಪರಿಚಿತರಲ್ಲ. ಮೇಜು, ಚಾವಿ, ಪಾದ್ರಿ, ಇಗರ್ಜಿ, ಬಟಾಟೆ, ಅನಾನಸು ಇವೆಲ್ಲ ಅವರ ಹಡಗುಗಳಲ್ಲಿ ಬಂದಿಳಿದ ಮಾತುಗಳು. ಆದರೆ ಹೀಗೆ ಬಂದವುಗಳಲ್ಲಿ ಹೆಚ್ಚಿನವು ವಸ್ತುಗಳ ಮತ್ತು ವೃತ್ತಿಗಳ ಹೆಸರುಗಳು. ವಸ್ತುವನ್ನು ಕೊಳ್ಳುವಾಗ ಅದರ ಹೆಸರನ್ನೂ ಕೊಳ್ಳಬಹುದು. ಅದು ಒಳ್ಳೆಯದೋ ಕೆಟ್ಟದೋ ಎಂದು ಹೇಳಲು ಪ್ರತಿಯೊಂದು ಜನಾಂಗವೂ ತನ್ನ ಮಾತನ್ನೇ ಬಳಸುತ್ತದೆ. ಒಂದು ಭಾಷೆ ಲೋಕವನ್ನು ನೋಡುವ ಬಗೆ ತಿಳಿಯಬೇಕಾದರೆ ಅದು ಹೆಸರಿಡುವ ರೀತಿಗಿಂತ ವರ್ಣಿಸುವ ರೀತಿಯನ್ನು ಗಮನಿಸಬೇಕು.

ಈಗ ಆ ಚಿತ್ರದ ಕಡೆಗೆ ಬರೋಣ. 1520ರ ಆಸುಪಾಸಿನಲ್ಲಿ ಡೊಮಿಂಗೋ ಪಯಸ್ ಎಂಬ ಪೋರ್ಚುಗೀಸನು ವಿಜಯನಗರಕ್ಕೆ ಬಂದು, ತಾನು ಕಂಡದ್ದನ್ನು ತನ್ನ ಭಾಷೆಯಲ್ಲಿ ಬರೆದಿಟ್ಟನು. ಅವನ ತರುವಾಯ, ಅಚ್ಯುತರಾಯನ ಕಾಲದಲ್ಲಿ, ಕುದುರೆ ವ್ಯಾಪಾರಿಯಾದ ಫೆರ್ನಾವೊ ನೂನಿಜ್ ಇನ್ನೊಂದು ವೃತ್ತಾಂತವನ್ನು ರಚಿಸಿದನು. ಇವೆರಡೂ ಬಹುಕಾಲ ಯಾರ ಕಣ್ಣಿಗೂ ಬೀಳದೆ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹಸ್ತಪ್ರತಿಯಾಗಿ ಉಳಿದಿದ್ದವು. 1897ರಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು ಲಿಸ್ಬನ್ನಿನಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1900ರಲ್ಲಿ ರಾಬರ್ಟ್ ಸಿವೆಲ್ ತಮ್ಮ ‘ಎ ಫರ್ಗಾಟನ್ ಎಂಪೈರ್’ ಗ್ರಂಥದಲ್ಲಿ ಎರಡನ್ನೂ ಇಂಗ್ಲಿಷಿಗೆ ತಂದರು. ನಮ್ಮ ಪಠ್ಯಪುಸ್ತಕಗಳಿಗೂ ಕಾದಂಬರಿಗಳಿಗೂ ನಾಟಕಗಳಿಗೂ ರಾಯನ ರೂಪ ಹರಿದುಬಂದದ್ದು ಮುಖ್ಯವಾಗಿ ಈ ಇಂಗ್ಲಿಷ್ ಕಾಲುವೆಯಿಂದ.

ಪಯಸನು ಹೇಳುವುದಿಷ್ಟು: ಅರಸನದು ಮಧ್ಯಮ ಎತ್ತರ, ಬಿಳಿಯ ಮೈಬಣ್ಣ, ಒಳ್ಳೆಯ ಮೈಕಟ್ಟು, ತೆಳುವೆನ್ನುವುದಕ್ಕಿಂತ ಸ್ಥೂಲವೆನ್ನಬೇಕು, ಮುಖದ ಮೇಲೆ ಸಿಡುಬಿನ ಕಲೆಗಳು. ಸ್ವಭಾವದಿಂದ ಉಲ್ಲಾಸಿ, ಪರದೇಶಿಗಳನ್ನು ಆದರಿಸುವವನು, ನ್ಯಾಯವಂತ. ಆದರೆ ಒಮ್ಮೊಮ್ಮೆ ಥಟ್ಟನೆ ಸಿಟ್ಟು ಬರುವುದುಂಟು. ಇದರಲ್ಲಿ ಉಪಮೆಯಿಲ್ಲ, ಉತ್ಪ್ರೇಕ್ಷೆ ಅತ್ಯಲ್ಪ. ಎತ್ತರ, ಬಣ್ಣ, ಗಾತ್ರ, ಗುರುತು, ಗುಣ ಎಂಬ ಈ ಅನುಕ್ರಮವನ್ನು ಇಂದಿನ ಯಾವ ಬಾಲಬೋಧೆಯಲ್ಲಾದರೂ ನೋಡಬಹುದು.

ಆ ಬಾಲಬೋಧೆ ಕಲಿಸುವ ಮೊದಲ ರಹಸ್ಯವೆಂದರೆ, ಪೋರ್ಚುಗೀಸಿನಲ್ಲಿ ‘ಇರುವುದು’ ಒಂದಲ್ಲ, ಎರಡು. ‘ಸೇರ್’ ಎಂಬುದು ಒಂದು ಧಾತು. ‘ಎಸ್ತಾರ್’ ಎಂಬುದು ಇನ್ನೊಂದು. ಒಬ್ಬನು ಯಾರು, ಎಂಥವನು ಎಂದು ಹೇಳಲು ‘ಸೇರ್’. ಸದ್ಯಕ್ಕೆ ಯಾವ ಸ್ಥಿತಿಯಲ್ಲಿದ್ದಾನೆ ಎನ್ನಲು ‘ಎಸ್ತಾರ್’. ‘ಗೋರ್ದು’ ಎಂದರೆ ದಪ್ಪ. ‘ಎ ಗೋರ್ದು’ ಎಂದರೆ ಅವನು ದಪ್ಪ ಮೈಯವನೇ. ‘ಎಸ್ತಾ ಗೋರ್ದು’ ಎಂದರೆ ಈಚೆಗೆ ದಪ್ಪಗಾಗಿದ್ದಾನೆ. ‘ಅಲೆಗ್ರೆ’ ಎಂದರೆ ಉಲ್ಲಾಸ. ‘ಎ ಅಲೆಗ್ರೆ’ ಎಂದರೆ ಹುಟ್ಟಿನಿಂದ ನಗೆಮೊಗದವನು, ‘ಎಸ್ತಾ ಅಲೆಗ್ರೆ’ ಎಂದರೆ ಈ ಹೊತ್ತು ಖುಷಿಯಲ್ಲಿದ್ದಾನೆ, ಸ್ವಲ್ಪ ಕುಡಿದಿರಲೂಬಹುದು!

ಈ ಎರಡು ಧಾತುಗಳ ಹುಟ್ಟು ಸ್ವಾರಸ್ಯವಾದದ್ದು. ‘ಎಸ್ತಾರ್’ ಬಂದದ್ದು ನಿಲ್ಲುವುದೆಂಬ ಅರ್ಥದ ಲ್ಯಾಟಿನ್ ‘ಸ್ತಾರೆ’ಯಿಂದ. ‘ಸೇರ್’ ಮಾತ್ರ ಬೆರಕೆಯ ಧಾತು: ಅದರ ಕೆಲವು ರೂಪಗಳು ಇರುವುದೆಂಬ ಅರ್ಥದ ‘ಎಸ್ಸೆ’ಯಿಂದ ಬಂದರೆ, ‘ಸೇರ್’ ಎಂಬ ಮೂಲರೂಪವೇ ಕುಳಿತುಕೊಳ್ಳುವುದೆಂಬ ಅರ್ಥದ ‘ಸೆದೇರೆ’ಯಿಂದ ಬಂದಿದೆ. ಕುಳಿತದ್ದು ಸ್ವಭಾವವಾಯಿತು, ನಿಂತದ್ದು ಅವಸ್ಥೆಯಾಯಿತು. ಸಂಸ್ಕೃತ ಬಲ್ಲವರಿಗೆ ಇಲ್ಲಿ ಹಳೆಯ ನಂಟರೇ ಎದುರಾಗುತ್ತಾರೆ. ‘ಸ್ತಾರೆ’ಯೂ ನಮ್ಮ ‘ಸ್ಥಿತಿ’ಯಲ್ಲಿರುವ ‘ಸ್ಥಾ’ ಧಾತುವೂ ಒಂದೇ ಬೇರಿನವು. ‘ಸೆದೇರೆ’ಯೂ ‘ಸದನ’, ‘ಉಪನಿಷತ್ತು’ಗಳಲ್ಲಿರುವ ‘ಸದ್’ ಧಾತುವೂ ಒಡಹುಟ್ಟಿದವು. ನಮ್ಮ ‘ಇರು’ ಧಾತುವಿನ ಬಂಧುವಾದ ತಮಿಳಿನ ‘ಇರು’ವಿಗೆ ಇರುವುದರ ಜೊತೆಗೆ ಕುಳಿತುಕೊಳ್ಳುವುದೆಂಬ ಅರ್ಥವೂ ಉಂಟು. ದೂರದೂರದ ಜನಾಂಗಗಳು ಅಸ್ತಿತ್ವವನ್ನು ಕುರಿತು ಯೋಚಿಸುವಾಗ ಮನುಷ್ಯನ ಮೈಯ ಈ ಎರಡು ಭಂಗಿಗಳನ್ನೇ ನೆನೆದದ್ದು ಅಚ್ಚರಿಯಲ್ಲವೆ?

ಈ ಭೇದ ಇಂಗ್ಲಿಷಿನಲ್ಲಿ ಇಲ್ಲ. ಅಲ್ಲಿ ‘ಈಸ್’ ಎಂಬ ಒಂದೇ ಮಾತು ಸ್ವಭಾವವನ್ನೂ ಅವಸ್ಥೆಯನ್ನೂ ಒಟ್ಟಿಗೆ ಹೊರುತ್ತದೆ. ಕನ್ನಡಿಗನಿಗೆ ಮಾತ್ರ ಇದು ತೀರ ಹೊಸದಾಗಿ ಕಾಣಬೇಕಾಗಿಲ್ಲ. ‘ಅವಳು ಸುಂದರಿ’ ಎನ್ನುತ್ತೇವೆ; ಅಲ್ಲಿ ಕ್ರಿಯಾಪದವೇ ಇಲ್ಲ. ‘ಅವಳು ಇಂದು ಸುಂದರವಾಗಿದ್ದಾಳೆ’ ಎನ್ನುತ್ತೇವೆ. ಅಲ್ಲಿ ‘ಇರು’ ಬಂದು ಸೇರುತ್ತದೆ. ಗುಣವನ್ನು ಹೆಸರಿನಂತೆ ಹಚ್ಚುವಾಗ ನಾವು ಮೌನವನ್ನು ಬಳಸುತ್ತೇವೆ. ಅವಸ್ಥೆಯನ್ನು ಹೇಳುವಾಗ ಧಾತುವನ್ನು ಬಳಸುತ್ತೇವೆ. ಪೋರ್ಚುಗೀಸನ ‘ಸೇರ್’ ಎಷ್ಟೋ ಕಡೆ ನಮ್ಮ ಮೌನಕ್ಕೆ ಸಮ. ಅವನ ‘ಎಸ್ತಾರ್’ ನಮ್ಮ ‘ಇದ್ದಾನೆ’ಗೆ ಹತ್ತಿರ. ಎರಡೂ ಕಡೆ ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲವೆಂಬುದು ನಿಜ. ಆದರೂ ದಾರಿ ತೋರಿಸುವಷ್ಟು ಹೋಲಿಕೆಯಿದೆ.

ಈ ಬೆಳಕಿನಲ್ಲಿ ಪಯಸನ ಮಾತನ್ನು ನೋಡಬೇಕು. ರಾಯನ ಎತ್ತರ, ಬಣ್ಣ, ಗಾತ್ರಗಳನ್ನು ಅವನು ಹೇಳುವುದು ‘ಸೇರ್’ ಧಾತುವಿನ ವರ್ತಮಾನ ರೂಪದಿಂದ. ‘ಎಸ್ತಾರ್’ ಧಾತುವಿನ ಹರವು ಆ ಕಾಲದಲ್ಲಿ ಇಂದಿನಷ್ಟು ವಿಸ್ತಾರವಾಗಿರಲಿಲ್ಲವೆಂಬುದನ್ನು ಒಪ್ಪಿಕೊಂಡರೂ ಆ ಮಾತಿನ ತೂಕ ಕಡಿಮೆಯಾಗದು. ‘ರಾಯನು ದಪ್ಪವಾಗಿದ್ದನು’ ಎಂದು ನಾವು ಕನ್ನಡಿಸಿದರೆ, ಪಯಸನು ಬಂದ ವರುಷ ಅರಸನು ಹಾಗಿದ್ದನೆಂಬ ಅರ್ಥ ನುಸುಳುತ್ತದೆ. ‘ರಾಯನು ಸ್ವಲ್ಪ ದಪ್ಪ ಮೈಕಟ್ಟಿನವನು’ ಎಂದರೆ ಮೂಲಕ್ಕೆ ಹತ್ತಿರವಾಗುತ್ತೇವೆ. ಇನ್ನೂ ಒಂದು ಮಾತು. ಪಯಸನದು ವರ್ತಮಾನಕಾಲ, ಅವನು ಬರೆಯುವಾಗ ಅರಸನು ಬದುಕಿದ್ದನು, ಆಳುತ್ತಿದ್ದನು. ನಾವು ಕನ್ನಡಿಸುವಾಗ ಅಭ್ಯಾಸಬಲದಿಂದ ‘ಇದ್ದನು’ ಎಂದು ಸೇರಿಸಿ, ಜೀವಂತ ಅರಸನನ್ನು ಚರಿತ್ರೆಯ ಪಟವಾಗಿಸುತ್ತೇವೆ. ಒಂದು ಪ್ರತ್ಯಯದಿಂದ ಎಷ್ಟು ದೂರ ಸರಿದುಬಿಡುತ್ತೇವೆ!

ಸಿಡುಬಿನ ಕಲೆಗಳ ಮಾತು ಬಂದಾಗ ಮೂರನೆಯದೊಂದು ಧಾತು ಬರುತ್ತದೆ. ‘ತೇರ್’, ಎಂದರೆ ಹೊಂದಿರುವುದು. ಕಣ್ಣು, ಕೂದಲು, ಗಡ್ಡ, ಗುರುತುಗಳನ್ನೆಲ್ಲ ಪೋರ್ಚುಗೀಸನು ಈ ಧಾತುವಿನಿಂದ ಹೇಳುತ್ತಾನೆ. ಅವನ ವಾಕ್ಯದಲ್ಲಿ ಅರಸನೇ ಕರ್ತೃ. ಅವನು ಕಲೆಗಳನ್ನು ಹೊಂದಿದ್ದಾನೆ. ಕನ್ನಡದಲ್ಲಿ ಹೊಂದಿರುವುದೆಂಬ ಮಾತು ಇಂಥ ಕಡೆ ಸಹಜವಾಗಿ ಕೂರುವುದಿಲ್ಲ. ‘ರಾಯನ ಮುಖದ ಮೇಲೆ ಸಿಡುಬಿನ ಕಲೆಗಳಿವೆ’ ಎನ್ನುತ್ತೇವೆ. ಒಡನೆ ಕಲೆಗಳೇ ಕರ್ತೃವಾಗಿ, ಅರಸನು ಷಷ್ಠೀ ವಿಭಕ್ತಿಗೆ ಸರಿಯುತ್ತಾನೆ. ತಪ್ಪೇನಿಲ್ಲ; ಕನ್ನಡದ ಜಾಯಮಾನವೇ ಹಾಗೆ. ಆದರೆ ಆ ಪರದೇಶಿಯ ಕಣ್ಣು ಮೊದಲು ಮನುಷ್ಯನ ಮೇಲೆ ನಿಂತು, ಅನಂತರ ಕಲೆಯ ಮೇಲೆ ಹರಿಯಿತೆಂಬುದು ಮೂಲದ ವಾಕ್ಯರಚನೆಯಿಂದ ಮಾತ್ರ ತಿಳಿಯುತ್ತದೆ.

ಅರಸನಿಂದ ಅವನ ನಗರಕ್ಕೆ ಬಂದರೆ ಮೊದಲ ಪಾಠದ ಇನ್ನೊಂದು ನಿಯಮ ಎದುರಾಗುತ್ತದೆ. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಮನೆಯೂ ಮರವೂ ನಪುಂಸಕ. ಪೋರ್ಚುಗೀಸಿನಲ್ಲಿ ನಪುಂಸಕ ನಾಮಪದವೇ ಇಲ್ಲ. ರಾಜ್ಯ ಎಂಬರ್ಥದ ‘ರೈನು’ ಪುಲ್ಲಿಂಗ. ನಗರ ಎಂಬರ್ಥದ ‘ಸಿದಾದೆ’ ಸ್ತ್ರೀಲಿಂಗ. ವಿಶೇಷಣವೂ ಸಂಸ್ಕೃತದಲ್ಲಿರುವಂತೆ ವಿಶೇಷ್ಯದ ಬೆನ್ನು ಹಿಡಿದು ಬದಲಾಗುತ್ತದೆ. ಸಂಪದ್ಭರಿತ ರಾಜ್ಯ ‘ರೀಕು’ ಆದರೆ ಸಂಪದ್ಭರಿತ ನಗರ ‘ರೀಕ’. ಗುಡ್ಡವೊಂದನ್ನೇರಿ ನೋಡಿ, ವಿಜಯನಗರ ರೋಮಿನಷ್ಟು ದೊಡ್ಡದೆಂದು ತೋರಿತೆಂದು ಬರೆದ ಪಯಸನ ಮಾತಿನಲ್ಲಿ ನಮ್ಮ ಪಟ್ಟಣ ‘ಅದು’ ಅಲ್ಲ, ‘ಅವಳು’. ವಿಶೇಷಣದ ಸ್ಥಾನವೂ ಕೆಲವೊಮ್ಮೆ ಅರ್ಥವನ್ನು ಬದಲಿಸುತ್ತದೆ. ‘ಗ್ರಾಂದೆ’ ಎಂಬುದು ಮನುಷ್ಯನೆಂಬ ಪದದ ಹಿಂದೆ ಬಂದರೆ ಆಕಾರದಲ್ಲಿ ದೊಡ್ಡವನು. ಮುಂದೆ ಬಂದರೆ ಮಹಾಪುರುಷ. ನಮ್ಮ ‘ದೊಡ್ಡ ಮನುಷ್ಯ’ ಎಂಬ ಒಂದೇ ಮಾತಿನಲ್ಲಿ ಎರಡೂ ಅಡಗಿವೆ, ವ್ಯಂಗ್ಯವೂ ಕೂಡ!

ಇಷ್ಟೆಲ್ಲ ವ್ಯಾಕರಣ ಏಕೆಂದರೆ, ರಾಯನ ಇನ್ನೊಂದು ರೂಪ ನಮ್ಮ ಕಣ್ಣಮುಂದೆ ಇದೆ. ತಿರುಮಲೆಯ ದೇವಾಲಯದಲ್ಲಿ ತನ್ನಿಬ್ಬರು ರಾಣಿಯರೊಡನೆ ಕೈಮುಗಿದು ನಿಂತಿರುವ ಅವನ ಲೋಹಪ್ರತಿಮೆಯಲ್ಲಿ ಎತ್ತರವಾದ ಕುಲ್ಲಾಯಿ ಇದೆ. ಪಯಸನು ಕಂಡ ಅರಸನ ತಲೆಯ ಮೇಲೂ ಶಿರಸ್ತ್ರಾಣವನ್ನು ಹೋಲುವ ಜರಿಯ ಟೊಪ್ಪಿಗೆಯಿತ್ತು. ಆದರೆ ಪ್ರತಿಮೆಯಲ್ಲಿ ಸಿಡುಬಿನ ಕಲೆಯಿಲ್ಲ. ಅದು ಭಕ್ತನ ರೂಪ, ಶಿಲ್ಪಿಗೆ ಕಲೆಗಳು ಬೇಕಾಗಿರಲಿಲ್ಲ. ಆಸ್ಥಾನದ ಕವಿಗಳಿಗೂ ಬೇಕಾಗಿರಲಿಲ್ಲ. ಅವರು ಅರಸನೆಂದರೆ ಹೇಗಿರಬೇಕೆಂದು ಹೇಳಿದರು. ಪರದೇಶಿಯು ಈ ಅರಸನು ಹೇಗಿದ್ದಾನೆಂದು ಹೇಳಿದನು. ಎರಡೂ ಸತ್ಯವೇ. ಆದರೆ ಸಿಡುಬಿನಿಂದ ಬದುಕುಳಿದ, ನಕ್ಕರೂ ಥಟ್ಟನೆ ಸಿಡುಕಬಲ್ಲ ಮನುಷ್ಯನೊಬ್ಬನು ಆ ಕುಲ್ಲಾಯಿಯ ಕೆಳಗೆ ಇದ್ದನೆಂಬುದು ನಮಗೆ ದಕ್ಕಿದ್ದು ಎರಡನೆಯ ಸತ್ಯದಿಂದ.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ಪೋರ್ಚುಗೀಸಿನ ಮೊದಲ ವ್ಯಾಕರಣ, ಫೆರ್ನಾವೊ ದೆ ಒಲಿವೇರಾ ಬರೆದದ್ದು, ಅಚ್ಚಾದದ್ದು 1536ರಲ್ಲಿ. ಎರಡನೆಯದು, ಜೊವಾವೊ ದೆ ಬಾರೋಸ್ ಬರೆದದ್ದು, 1540ರಲ್ಲಿ. ಈ ಬಾರೋಸನು ಲಿಸ್ಬನ್ನಿನಲ್ಲಿ ಭಾರತದ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ರಾಜಕಚೇರಿಯ ಅಧಿಕಾರಿ. ಮುಂದೆ ಏಷ್ಯಾದಲ್ಲಿ ಪೋರ್ಚುಗೀಸರ ಚರಿತ್ರೆಯನ್ನು ಬರೆದವನೂ ಅವನೇ. ಪಯಸ್ ಮತ್ತು ನೂನಿಜರ ವೃತ್ತಾಂತಗಳು ಗೋವೆಯಿಂದ ಹೋದದ್ದು ಪ್ರಾಯಶಃ ಅವನ ಕೈಗೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಆ ಊಹೆ ನಿಜವಾದರೆ, ತನ್ನ ತಾಯ್ನುಡಿಗೆ ನಿಯಮಗಳನ್ನು ಕಟ್ಟಿದ ವೈಯಾಕರಣನ ಮೇಜಿನ ಮೇಲೆಯೇ ನಮ್ಮ ರಾಯನ ಚಿತ್ರವೂ ಇದ್ದಿತೆನ್ನಬೇಕು.

ಕೊನೆಗೆ, ಬಾಲಬೋಧೆಯ ಅಪವಾದವೊಂದು. ಶಾಶ್ವತವಾದುದಕ್ಕೆ ‘ಸೇರ್’, ತಾತ್ಕಾಲಿಕವಾದುದಕ್ಕೆ ‘ಎಸ್ತಾರ್’ ಎಂದು ಉಪಾಧ್ಯಾಯರು ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ‘ಅವನು ಸತ್ತಿದ್ದಾನೆ’ ಎನ್ನಲು ಪೋರ್ಚುಗೀಸನು ಬಳಸುವುದು ‘ಎಸ್ತಾರ್’ ಅನ್ನು. ಸಾವಿಗಿಂತ ಶಾಶ್ವತವಾದದ್ದು ಯಾವುದು? ನಿಯಮದ ಒಳಗುಟ್ಟು ಕಾಲದಲ್ಲಿಲ್ಲ. ಇದು ಅವನ ಸ್ವರೂಪವೋ, ಅವನಿಗೆ ಒದಗಿದ ಅವಸ್ಥೆಯೋ ಎಂಬ ಪ್ರಶ್ನೆಯಲ್ಲಿದೆ. 1565ರ ಯುದ್ಧದ ತರುವಾಯ ವಿಜಯನಗರ ಹಾಳುಬಿದ್ದು ನಾಲ್ಕು ಶತಮಾನಗಳಿಗೂ ಮಿಗಿಲಾಯಿತು. ಆದರೂ ಹಂಪೆಯ ಮುಂದೆ ನಿಂತ ಪೋರ್ಚುಗೀಸನು ಇಂದಿಗೂ ‘ನಗರ ಹಾಳಾಗಿದೆ’ ಎನ್ನಲು ‘ಎಸ್ತಾ’ ಎಂದೇ ಹೇಳಬೇಕು. ಹಾಳು ಆ ನಗರಕ್ಕೆ ಬಂದೊದಗಿದ ಸ್ಥಿತಿ. ಅವಳು ಎಂಥವಳು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ಗುಡ್ಡದ ಮೇಲೆ ನಿಂತು ನೋಡಿದ ಪಯಸನ ವಾಕ್ಯಗಳಿಗೇ ನಾವು ಹಿಂತಿರುಗಬೇಕು.